ಹೂವಿಲ್ಲದ ಹನ್ನೊಂದು ವರುಷ

ಓದುಗರೇ, ಒಂದು ಗಿಡವನ್ನು ಕುರಿತು ಸುಮಾರು ಎರಡು ಸಾವಿರ ವರ್ಷಗಳಿಂದ ಹಾಡುತ್ತ, ಬರೆಯುತ್ತ ಬಂದಿರುವ ನಮ್ಮ ದಕ್ಷಿಣದ ಸಾಹಿತ್ಯವು ಆ ಗಿಡವನ್ನು ನಿಜವಾಗಿ ನೋಡಿದೆಯೇ? ಈ ಪ್ರಶ್ನೆ ಕೇಳಲು ಕೊಂಚ ಒರಟಾದುದು. ಆದರೂ ಮೂರು ಗ್ರಂಥಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಅದನ್ನು ಕೇಳದೆ ಇರುವುದು ಸಾಧ್ಯವಾಗುವುದಿಲ್ಲ. ಮೊದಲನೆಯದು ನಮ್ಮ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಸಂಗಂ ಕಾಲದ ಪ್ರೇಮಕವಿತೆಗಳನ್ನು ಇಂಗ್ಲಿಷಿಗೆ ತಂದ 1967ರ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’. ಎರಡನೆಯದು ತಮಿಳಿನ ಕಾದಂಬರಿಗಾರ್ತಿ ರಾಜಂ ಕೃಷ್ಣನ್ ಅವರ 1963ರ ‘ಕುರಿಂಜಿತ್ತೇನ್’. ಮೂರನೆಯದನ್ನು ಯಾರೂ ಸಾಹಿತ್ಯವೆಂದು ಕರೆಯುವುದಿಲ್ಲ. ಅದು ಯೇಸುಸಭೆಯ ಗುರು ಕೆ. ಎಂ. ಮ್ಯಾಥ್ಯೂ ಅವರು 1999ರಲ್ಲಿ ಹೊರತಂದ ಪಳನಿ ಬೆಟ್ಟಗಳ ಸಸ್ಯಕೋಶ. ಈ ಮೂರರಲ್ಲಿಯೂ ಕುರಿಂಜಿ ಬರುತ್ತದೆ. ಆದರೆ ಬರುವುದು ಒಂದೇ ಕುರಿಂಜಿಯಲ್ಲ.

ಗಿಡದ ಪರಿಚಯ ಮೊದಲಾಗಲಿ. ಸಸ್ಯಶಾಸ್ತ್ರಜ್ಞರು ‘ಸ್ಟ್ರೊಬಿಲ್ಯಾಂಥಸ್ ಕುಂತಿಯಾನ’ ಎಂದು ಕರೆಯುವ ನೀಲಕುರಿಂಜಿಯು ಮರವೂ ಅಲ್ಲ, ಹುಲ್ಲೂ ಅಲ್ಲ, ಪೊದೆ. ಸಾಮಾನ್ಯವಾಗಿ ಆಳೆತ್ತರ, ಗಾಳಿ ಬೀಸುವ ಕಡೆ ಅದಕ್ಕಿಂತಲೂ ಗಿಡ್ಡ. ನೀಲಗಿರಿ, ಪಳನಿ, ಮುನ್ನಾರಿನ ಸುತ್ತಲಿನ ಆನೆಮಲೆ ಮತ್ತು ಏಲಮಲೆಯ ಎತ್ತರದ ಇಳಿಜಾರುಗಳಲ್ಲಿ, ಕಣಿವೆಯ ಶೋಲಾ ಕಾಡಿಗೂ ನೆತ್ತಿಯ ಹುಲ್ಲುಗಾವಲಿಗೂ ನಡುವೆ, ಕೆಲವೆಡೆ ಹುಲ್ಲನ್ನೇ ಮುಚ್ಚಿಕೊಂಡು ಅದು ಒತ್ತೊತ್ತಾಗಿ ಬೆಳೆಯುತ್ತದೆ. ಪೂರ್ವಘಟ್ಟದ ಸೇರ್ವರಾಯನ್ ಬೆಟ್ಟಗಳಲ್ಲಿಯೂ ಅದರ ಒಂದು ನೆಲೆ ಉಂಟು. ಅದು ಒಂಟಿಯಾಗಿ ನಿಲ್ಲುವ ಗಿಡವಲ್ಲ. ಅದರ ಜೊತೆಗೆ ಮುಳ್ಳುಳ್ಳ ಬರ್ಬೆರಿಸ್ ಟಿಂಕ್ಟೋರಿಯಾ, ಎಲೆ ಉಜ್ಜಿದರೆ ನೋವಿನೆಣ್ಣೆಯ ವಾಸನೆ ಬರುವ ಗಾಲ್ತೇರಿಯಾ, ಕೆಂಪು ಹೂವಿನ ರೋಡೊಡೆಂಡ್ರನ್, ಹಳದಿ ಹೂವಿನ ಹೈಪೆರಿಕಮ್ ಮೈಸೂರೆನ್ಸೆ ಮುಂತಾದವು ಅದೇ ಚಳಿ, ಅದೇ ಮಂಜು, ಅದೇ ತೆಳುಮಣ್ಣನ್ನು ಹಂಚಿಕೊಂಡು ಬದುಕುತ್ತವೆ. (ಕೊನೆಯದರ ಹೆಸರಿನಲ್ಲಿ ಮೈಸೂರು ಇದೆ ಎಂಬುದು ಮೈಸೂರಿನವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ಕಾಣೆ.)

ನೀಲಕುರಿಂಜಿ ಹನ್ನೆರಡು ವರ್ಷಗಳಿಗೊಮ್ಮೆ ಹೂ ಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ ಅದು ತನ್ನ ಆಯುಷ್ಯದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ ಎಂಬುದು. 2006ರಲ್ಲಿ ಮುನ್ನಾರಿನ ಇಳಿಜಾರನ್ನು ನೀಲಿಯಾಗಿಸಿದ ಗಿಡಗಳು ಯಾವುವೂ 2018ರಲ್ಲಿ ಇರಲಿಲ್ಲ. 2018ರಲ್ಲಿ ಅರಳಿದ್ದು ಅವುಗಳ ಮಕ್ಕಳು. 2030ರಲ್ಲಿ ಅರಳಬೇಕಾದದ್ದು ಮೊಮ್ಮಕ್ಕಳು. ಹೂ ಬಾಡಿದ ಮೇಲೆ ಕಾಯಿ ಬಲಿತು, ಒಣಗಿ, ಸಿಡಿದು ಬೀಜ ಚೆಲ್ಲುತ್ತದೆ. ಮುಂದಿನ ಮಳೆಗೆ ಸಸಿಗಳು ಒಟ್ಟಿಗೆ ಏಳುತ್ತವೆ. ಎಲ್ಲ ಗಿಡಗಳೂ ಒಂದೇ ವರ್ಷ ಇಷ್ಟೊಂದು ಬೀಜ ಬಿಡುವುದರಿಂದ, ತಿನ್ನುವ ಕೀಟ, ಇಲಿಗಳು ಎಷ್ಟು ತಿಂದರೂ ಉಳಿದದ್ದು ಬೆಟ್ಟಕ್ಕೆ ಸಾಕಾಗುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ. ಈ ಏರ್ಪಾಡಿನಲ್ಲಿ ದೊಡ್ಡ ಬಲವಿರುವಂತೆ ದೊಡ್ಡ ಅಪಾಯವೂ ಇದೆ. ವರ್ಷವರ್ಷವೂ ಹೂ ಬಿಡುವ ಗಿಡಕ್ಕೆ ಒಂದು ವರ್ಷ ಬೆಂಕಿ ಬಿದ್ದರೆ ಮರುವರ್ಷ ಬೀಜವಾದೀತು. ಕುರಿಂಜಿ ತನ್ನ ಹತ್ತನೆಯ ವರ್ಷದಲ್ಲಿ ಸುಟ್ಟುಹೋದರೆ, ಹತ್ತು ವರ್ಷಗಳ ಕಾಲ ಕೂಡಿಟ್ಟದ್ದೆಲ್ಲವೂ ಬೀಜವಾಗದೆ ಹೋಗುತ್ತದೆ. ಆದ್ದರಿಂದ ಈ ಗಿಡದ ಅಳಿವು ಉಳಿವು ತೀರ್ಮಾನವಾಗುವುದು ಹೂವಿನ ವರ್ಷದಲ್ಲಿ ಅಲ್ಲ, ಹೂವಿಲ್ಲದ ಹನ್ನೊಂದು ವರ್ಷಗಳಲ್ಲಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಗ್ರಂಥಗಳಿಗೆ ಬರೋಣ.

ರಾಮಾನುಜನ್ ಅವರ ಅನುವಾದದ ಸೊಗಸನ್ನು ಹೊಸದಾಗಿ ಹೊಗಳಬೇಕಾಗಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದ ಕನ್ನಡ ಕವಿಯ ಕಿವಿ ಅಲ್ಲಿಯೂ ಕೆಲಸ ಮಾಡಿದೆ. ಆದರೆ ಆ ಪುಸ್ತಕವನ್ನು ಪ್ರಸಿದ್ಧಗೊಳಿಸಿದ್ದು ಕವಿತೆಗಳಷ್ಟೇ ಅಲ್ಲ, ಕೊನೆಗೆ ಅವರು ಬರೆದ ವಿವೇಚನೆಯೂ ಹೌದು. ಹಳೆಯ ತಮಿಳು ಕಾವ್ಯಮೀಮಾಂಸೆಯು ಪ್ರೇಮದ ಅವಸ್ಥೆಗಳನ್ನು ಐದು ನೆಲಗಳಿಗೆ ಹೊಂದಿಸಿತ್ತು. ಪ್ರತಿ ನೆಲಕ್ಕೂ ಒಂದು ಗಿಡದ ಹೆಸರು. ಬೆಟ್ಟದ ನೆಲಕ್ಕೆ ಕುರಿಂಜಿ. ಅದರ ಭಾವ ಪ್ರೇಮಿಗಳ ಕೂಟ. ಅದರ ಹೊತ್ತು ನಡುರಾತ್ರಿ. ಅದರ ದೈವ ಮುರುಗ. ಕವಿ ಹೂವಿನ ಹೆಸರೊಂದನ್ನು ಹೇಳಿದರೆ ಸಾಕು, ಕೇಳುಗನ ಮನಸ್ಸಿನಲ್ಲಿ ಬೆಟ್ಟ, ಮಳೆ, ಜೇನು, ಕಳ್ಳಹೆಜ್ಜೆಯ ಪ್ರೇಮಿ, ಎಲ್ಲವೂ ಏಳುತ್ತವೆ. ಹೊರಗಿನ ನೆಲವು ಒಳಗಿನ ನೆಲವಾಗುವ ಈ ಕ್ರಮವನ್ನು ರಾಮಾನುಜನ್ ಎಷ್ಟು ಸ್ವಚ್ಛವಾಗಿ ಬಿಡಿಸಿಟ್ಟರೆಂದರೆ, ಆಮೇಲಿನ ಓದುಗರು ಒಳಗಿನ ನೆಲದಲ್ಲಿಯೇ ಉಳಿದುಬಿಟ್ಟರು.

ನನ್ನ ಆಕ್ಷೇಪ ಹಳೆಯ ಕವಿಗಳ ಮೇಲೆ ಅಲ್ಲ. ಅವರಿಗೆ ಗಿಡ ಗೊತ್ತಿತ್ತು. ಅದರ ಕಾಂಡ ಯಾವ ಬಣ್ಣದ್ದು, ಅದರ ಹೂವಿನಿಂದ ಜೇನು ಹೇಗೆ ಕೂಡುತ್ತದೆ ಎಂಬುದನ್ನು ಗಮನಿಸಿಯೇ ಅವರು ಹೇಳಿದರು. ಕೇಳುಗರಿಗೂ ಗೊತ್ತಿತ್ತು, ಆದ್ದರಿಂದ ಹೆಸರು ಸಾಕಾಯಿತು. ನಮಗೆ ಗಿಡ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು. ಕುರಿಂಜಿಯೆಂದರೆ ಸಮಾಗಮದ ಸಂಕೇತವೆಂದು ಕಾಲೇಜಿನ ಪ್ರಬಂಧಗಳಲ್ಲಿ ಬರೆಯುತ್ತೇವೆ. ಸಂಕೇತವು ಒಣಗುವುದಿಲ್ಲ, ಅದಕ್ಕೆ ಬೆಂಕಿ ತಗಲುವುದಿಲ್ಲ. ಬೆಟ್ಟದಲ್ಲಿ ಒಂದೂ ಕುರಿಂಜಿ ಉಳಿಯದಿದ್ದರೂ ಕುರಿಂಜಿಯ ಕವಿತೆಗಳ ವ್ಯಾಖ್ಯಾನ ಏನೂ ಕುಂದಿಲ್ಲದೆ ಸಾಗೀತು. ಈ ಬಗೆಯ ಓದಿನಲ್ಲಿ ಏನೋ ಒಂದು ಕೊರತೆ ಇದೆಯೆಂದು ನಿಮಗೂ ಅನ್ನಿಸುವುದಿಲ್ಲವೇ?

ರಾಜಂ ಕೃಷ್ಣನ್ (1925–2014) ಈ ಕೊರತೆಯನ್ನು ಬಲ್ಲವರಾಗಿದ್ದರು ಎನ್ನಬೇಕು. ಮೇಜಿನ ಮುಂದೆ ಕುಳಿತು ಕಲ್ಪಿಸಿ ಬರೆಯುವುದು ಅವರ ಕ್ರಮವಾಗಿರಲಿಲ್ಲ. ಬರೆಯಬೇಕಾದ ಜನರ ನಡುವೆ ಇದ್ದು, ಕೇಳಿ, ನೋಡಿ ಬರೆಯುವುದು ಅವರ ಕ್ರಮ. ‘ಕುರಿಂಜಿತ್ತೇನ್’ ನೀಲಗಿರಿಯ ಬಡಗರ ಮೂರು ತಲೆಮಾರುಗಳ ಕಥೆ. ಕನ್ನಡದ ಓದುಗರಿಗೆ ಬಡಗರು ದೂರದವರಲ್ಲ. ಅವರ ಹೆಸರೇ ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ, ಬಂದವರೆಂದು ಹೇಳುತ್ತದೆ. ಅವರ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಬಹುಕಾಲ ಅದನ್ನು ಕನ್ನಡದ ಒಂದು ಉಪಭಾಷೆಯೆಂದೇ ಎಣಿಸುತ್ತಿದ್ದರು. ಈ ಜನರ ಹಟ್ಟಿಗಳಿಗೆ ಹಣ, ಶಾಲೆ, ವಿದ್ಯುತ್ತು, ಚಹದ ತೋಟ ಒಂದೊಂದಾಗಿ ಬಂದಾಗ ಅಣ್ಣತಮ್ಮಂದಿರ ನಡುವೆ, ಹೊಲಕ್ಕೂ ಮನೆಗೂ ನಡುವೆ ಏನಾಯಿತೆಂಬುದನ್ನು ಕಾದಂಬರಿ ತಾಳ್ಮೆಯಿಂದ ತೋರಿಸುತ್ತದೆ. ಅಲ್ಲಿ ಕುರಿಂಜಿ ಅರಳುವುದು ಕಾಲದ ಅಳತೆ. ಒಮ್ಮೆ ಅರಳಿದಾಗ ಹುಡುಗನಾಗಿದ್ದವನು ಇನ್ನೊಮ್ಮೆ ಅರಳುವಾಗ ಗೃಹಸ್ಥ, ಮತ್ತೊಮ್ಮೆಗೆ ಮುದುಕ.

ಇದು ಉತ್ತಮವಾದ ಕಥನತಂತ್ರ. ಬೆಟ್ಟದ ಬುಡಕಟ್ಟಿನವರು ತಮ್ಮ ವಯಸ್ಸನ್ನು ಕುರಿಂಜಿಯ ಲೆಕ್ಕದಲ್ಲಿ ಹೇಳುತ್ತಿದ್ದರೆಂಬ ಮಾತಿಗೂ ಇದು ಹೊಂದುತ್ತದೆ. ಆದರೂ ವಿಮರ್ಶಕನು ಒಂದು ಮಾತು ಹೇಳಬೇಕು. ಗಡಿಯಾರವಾಗಿ ಬಳಸಿದ ವಸ್ತುವನ್ನು ನಾವು ಗಂಟೆ ಹೊಡೆದಾಗ ಮಾತ್ರ ನೋಡುತ್ತೇವೆ. ಎರಡು ಗಂಟೆಗಳ ನಡುವೆ ಕಾದಂಬರಿಯ ಕಣ್ಣು ಮನುಷ್ಯರ ಮೇಲಿರುತ್ತದೆ, ಅದು ಸಹಜವೇ. ಆದರೆ ಬೆಟ್ಟದ ಇಳಿಜಾರು ಚಹದ ತೋಟವಾದಾಗ ಕಳೆದುಹೋದದ್ದು ಬಡಗರ ರಾಗಿ, ಸಾಮೆಯ ಹೊಲ ಮಾತ್ರವಲ್ಲ. ಆ ಹೊಲದಾಚೆಯ ಪೊದೆನೆಲವೂ ಹೋಯಿತು. ಗಡಿಯಾರವೇ ತೋಟಕ್ಕೆ ಜಾಗ ಬಿಟ್ಟುಕೊಟ್ಟ ಕಥೆ ಕಾದಂಬರಿಯ ಒಳಗಿದೆ, ಆದರೆ ಕಾದಂಬರಿಯ ವಸ್ತುವಾಗಿಲ್ಲ. ಮುಂದೆ 1973ರಲ್ಲಿ ಲೇಖಕಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದುಕೊಟ್ಟ ಕಾದಂಬರಿಯ ಹೆಸರು ‘ವೇರುಕ್ಕು ನೀರ್’, ಎಂದರೆ ಬೇರಿಗೆ ನೀರು. ಆ ಹೆಸರು ಮೊದಲ ಕಾದಂಬರಿಗೆ ಹೆಚ್ಚು ಒಪ್ಪುತ್ತಿತ್ತೇನೋ ಎಂದು ನನಗೆ ಅನ್ನಿಸಿದ್ದುಂಟು.

ಹಾಗೆಂದು ಸಾಹಿತ್ಯದಿಂದ ಗಿಡಕ್ಕೆ ಉಪಕಾರವೇ ಆಗಿಲ್ಲ ಎಂದರೆ ಅನ್ಯಾಯವಾಗುತ್ತದೆ. ಎರಡು ಸಾವಿರ ವರ್ಷ ಕವಿಗಳ ಬಾಯಲ್ಲಿ ಉಳಿದ ಹೆಸರು ಇಲ್ಲದಿದ್ದರೆ 2006ರಲ್ಲಿ ಕೇರಳ ಸರಕಾರವು ಇಡುಕ್ಕಿ ಜಿಲ್ಲೆಯ ಕೊಟ್ಟಕಾಂಬೂರು, ವಟ್ಟವಡ ಗ್ರಾಮಗಳಲ್ಲಿ ಸುಮಾರು 32 ಚದರ ಕಿಲೋಮೀಟರು ನೆಲವನ್ನು ಒಂದು ಪೊದೆಗಾಗಿ ‘ಕುರಿಂಜಿಮಲ ಅಭಯಾರಣ್ಯ’ವೆಂದು ಸಾರುತ್ತಿತ್ತೇ? ಅದೇ ವರ್ಷ ಅಂಚೆ ಇಲಾಖೆಯು ಕುರಿಂಜಿಯ ಅಂಚೆಚೀಟಿ ಹೊರತರುತ್ತಿತ್ತೇ? ಹುಲಿಗೆ, ಆನೆಗೆ, ಎರವಿಕುಳಂನಲ್ಲಿ ಬೆಟ್ಟದಾಡಿಗೆ ಕಾಯ್ದ ನೆಲ ಸಿಗುವುದು ನಮಗೆ ರೂಢಿ. ಪೊದೆಗೆ ಸಿಗುವುದು ಅಪರೂಪ. ಆದರೆ ಆ ಉಪಕಾರದ ವರ್ಷಗಳನ್ನು ಗಮನಿಸಿ. ಅಭಯಾರಣ್ಯವೂ ಅಂಚೆಚೀಟಿಯೂ ಬಂದದ್ದು ಹೂವಿನ ವರ್ಷದಲ್ಲಿ. ಘೋಷಣೆಯಾಗಿ ಹತ್ತು ವರ್ಷ ಕಳೆದ ಮೇಲೂ ಅದರ ಗಡಿಯೊಳಗಿನ ಜಮೀನು ಯಾರದೆಂಬ ವಿವಾದ ಮುಗಿದಿರಲಿಲ್ಲ.

ಪತ್ರಿಕೆಗಳದೂ ಇದೇ ಕಥೆ. 2018ರ ಆಗಸ್ಟಿನಲ್ಲಿ ಕೇರಳದ ಮಹಾಪ್ರವಾಹ ಮುನ್ನಾರಿನ ರಸ್ತೆಗಳನ್ನು ಕೊಚ್ಚಿ ಹಾಕಿದಾಗ, ಕುರಿಂಜಿಯನ್ನು ಕುರಿತು ಬಂದ ಬರಹಗಳಲ್ಲಿ ಹೆಚ್ಚಿನವು ಪ್ರವಾಸಿಗರ ನಷ್ಟವನ್ನು ಕುರಿತಾಗಿದ್ದವು. ನಮ್ಮಲ್ಲಿ 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ, 2022ರಲ್ಲಿ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಬೆಟ್ಟ ನೀಲಿಯಾದಾಗಲೂ ಹಾಗೆಯೇ ಆಯಿತು. ಇಲ್ಲಿ ಅರಳಿದ್ದು ಮುನ್ನಾರಿನ ಜಾತಿಯಲ್ಲ, ಅದೇ ಕುಲದ ‘ಸೆಸ್ಸಿಲಿಸ್’ ಎಂಬ ಇನ್ನೊಂದು ಪೊದೆ ಎಂದು ಬಲ್ಲವರು ಹೇಳಿದರೂ, ಎಲ್ಲವೂ ‘ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ’ಯಾಗಿಯೇ ಅಚ್ಚಾಯಿತು. ಈ ಕುಲದಲ್ಲಿ ಹತ್ತಾರು ಜಾತಿಗಳಿವೆ. ಒಂದೊಂದರ ಲೆಕ್ಕವೂ ಬೇರೆ. ಮಲೆನಾಡಿನವರು ಗುರ್ಗಿ ಎನ್ನುತ್ತಿದ್ದ ಗಿಡಕ್ಕೆ ತಮಿಳು ಕಾವ್ಯದ ಹೆಸರು ಅಂಟಿದ್ದು ಪ್ರವಾಸಿಗರ ಕಾರುಗಳು ಬೆಟ್ಟ ಹತ್ತಿದ ಮೇಲೆ. ಹೆಸರು ದೊಡ್ಡದಾಯಿತು, ಗಿಡದ ಗುರುತು ಮಸುಕಾಯಿತು. ಇದನ್ನು ಜ್ಞಾನಪ್ರಸಾರವೆಂದು ಕರೆಯಲು ನನಗೆ ಸಾಧ್ಯವಿಲ್ಲ.

ಈ ಕುರುಡಿಗೆ ಭಾಷೆಯೂ ಕಾರಣವಾಗಿದೆ. ಕಾಡು ಎಂದರೆ ನಮಗೆ ಮರ. ಮರವಿಲ್ಲದ, ಪೊದೆ ಬೆಳೆದ ನೆಲಕ್ಕೆ ‘ಕುರುಚಲು’ ಎನ್ನುತ್ತೇವೆ. ಆ ಮಾತಿನಲ್ಲಿಯೇ ಒಂದು ತಾತ್ಸಾರವಿದೆ, ಅದು ಕಾಡಾಗಲಾರದೆ ಸೋತ ನೆಲವೋ ಎಂಬಂತೆ. ಬ್ರಿಟಿಷರ ಕಂದಾಯದ ದಾಖಲೆಗಳು ಇಂಥ ನೆಲವನ್ನು ಪಾಳು ಎಂದು ಬರೆದುಕೊಂಡವು. ಪಾಳುನೆಲವನ್ನು ಉದ್ಧಾರ ಮಾಡುವುದು ಪುಣ್ಯವಲ್ಲವೇ? ಹಾಗಾಗಿ ಆಸ್ಟ್ರೇಲಿಯಾದಿಂದ ವ್ಯಾಟಲ್ ಬಂದಿತು, ಯೂಕಲಿಪ್ಟಸ್ ಬಂದಿತು, ಪೈನ್ ಬಂದಿತು. ಸ್ವಾತಂತ್ರ್ಯದ ನಂತರ ಚರ್ಮ ಹದಮಾಡುವ ತೊಗಟೆಗಾಗಿ, ರೇಯಾನಿನ ತಿರುಳಿಗಾಗಿ ಅವುಗಳ ನೆಡುತೋಪುಗಳು ಇನ್ನೂ ಹಿಗ್ಗಿದವು. ವ್ಯಾಟಲಿನ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಕೆಡದೆ ಕಾಯುತ್ತದೆ. ಬೆಂಕಿ ಬಿದ್ದರೆ ಮೊದಲು ಏಳುವುದು ಅದೇ. ಅದರ ನೆರಳಿನಲ್ಲಿ ಬಿಸಿಲು ಬೇಡುವ ಕುರಿಂಜಿಯ ಸಸಿಗೆ ಎಡೆಯಿಲ್ಲ. ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ವಿಚಿತ್ರವಿದೆ. ಬೆಟ್ಟಕ್ಕೆ ನೀಲಗಿರಿಯೆಂಬ ಹೆಸರು ಕುರಿಂಜಿಯ ನೀಲಿಯಿಂದಲೇ ಬಂದಿತೆಂದು ಹೇಳುವವರು ಬಹಳ ಮಂದಿ. ಆದರೆ ಇಂದು ಕನ್ನಡದಲ್ಲಿ ‘ನೀಲಗಿರಿ’ ಎಂದರೆ ಯಾವ ಗಿಡ ನೆನಪಾಗುತ್ತದೆ? ಯೂಕಲಿಪ್ಟಸ್! ಬೆಟ್ಟದ ಮೂಲನಿವಾಸಿಯನ್ನು ಹೊರದಬ್ಬಿದ ಮರವೇ ಬೆಟ್ಟದ ಹೆಸರನ್ನೂ ಹೊತ್ತುಕೊಂಡು ಹೋಗಿ ನಮ್ಮ ಕೋಲಾರ, ತುಮಕೂರಿನ ಹೊಲಗಳ ಅಂಚಿನಲ್ಲಿ ನಿಂತಿದೆ. ನಿಘಂಟಿನಲ್ಲಿಯೂ ಒತ್ತುವರಿ ನಡೆಯುತ್ತದೆ.

ಒತ್ತುವರಿಯ ಪ್ರಮಾಣ ಊಹೆಯ ವಿಷಯವಲ್ಲ. ಪಳನಿ ಬೆಟ್ಟಗಳ ಉಪಗ್ರಹಚಿತ್ರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಾಲ್ಕು ದಶಕಗಳಲ್ಲಿ ಅಲ್ಲಿನ ಎತ್ತರದ ಹುಲ್ಲುಗಾವಲಿನ ಮೂರನೆಯ ಎರಡು ಭಾಗ ನೆಡುತೋಪು ಮತ್ತು ಬೇಸಾಯದ ಪಾಲಾಯಿತೆಂದು ತೋರಿಸಿತು. ಕುರಿಂಜಿಯ ನೆಲ ಆ ಹುಲ್ಲುಗಾವಲಿನೊಂದಿಗೆ ಹೆಣೆದುಕೊಂಡದ್ದು. ಒಂದು ಹೋದಲ್ಲಿ ಇನ್ನೊಂದು ನಿಲ್ಲಲಾರದು. 2013ರಲ್ಲಿ ಕೊಡೈಕನಾಲ್ ವನ್ಯಜೀವಿಧಾಮ ಘೋಷಣೆಯಾಯಿತು. 2022ರ ತಿದ್ದುಪಡಿಯ ತರುವಾಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ನೀಲಕುರಿಂಜಿ ಸೇರಿತು. 2024ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದಕ್ಕೆ ‘ಅಪಾಯಕ್ಕೆ ಒಳಗಾಗಬಹುದಾದ ಜಾತಿ’ ಎಂಬ ಸ್ಥಾನ ಸಿಕ್ಕಿತು. ಕಾನೂನಿನ ದೃಷ್ಟಿಯಿಂದ ಇವು ಸಣ್ಣವಲ್ಲ. ಇವುಗಳಿಗೂ ಮುಂಚೆ, 1980ರ ದಶಕದ ಕೊನೆಯಿಂದ, ಕುರಿಂಜಿಯನ್ನು ಉಳಿಸಬೇಕೆಂದು ಕೊಡೈಕನಾಲ್‌ನಿಂದ ಮುನ್ನಾರಿಗೆ ಬೆಟ್ಟದ ದಾರಿಯಲ್ಲಿ ನಡೆದವರಿದ್ದಾರೆ. ಅವರು ನಡೆಯತೊಡಗಿದಾಗ ಕುರಿಂಜಿ ಹೂ ಬಿಡಲು ಇನ್ನೂ ಹಲವು ವರ್ಷಗಳಿದ್ದವು ಎಂಬುದು ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಹೂವಿಲ್ಲದ ಗಿಡವನ್ನು ನೋಡಲು ನಡೆದವರು ಅವರು.

ಅಂಥ ನೋಟವನ್ನು ಪುಸ್ತಕವಾಗಿ ಹಿಡಿದಿಟ್ಟವರು ಫಾದರ್ ಮ್ಯಾಥ್ಯೂ. ಪಳನಿ ಬೆಟ್ಟಗಳಿಗೂ ಯೇಸುಸಭೆಗೂ ಹಳೆಯ ನಂಟು. 1895ರಲ್ಲಿ ಕೊಡೈಕನಾಲ್ ಪಕ್ಕದ ಶೆಂಬಗನೂರಿನಲ್ಲಿ ಅವರ ಗುರುಮಠ ಆರಂಭವಾಯಿತು. ಅಲ್ಲಿದ್ದ ಫ್ರೆಂಚ್ ಗುರು ಅಂಗ್ಲಾದ್ ಬೆಟ್ಟದ ಗಿಡಗಳನ್ನು ಸಂಗ್ರಹಿಸಿ, ಜಲವರ್ಣದಲ್ಲಿ ಚಿತ್ರಿಸಿಟ್ಟರು. ಆ ಪರಂಪರೆಯಲ್ಲಿ ಬಂದ ಮ್ಯಾಥ್ಯೂ ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿ ರಪಿನಾಟ್ ಸಸ್ಯಸಂಗ್ರಹಾಲಯವನ್ನು ಕಟ್ಟಿದರು. ಅವರು ಬರೆದ ಮೊದಮೊದಲ ಗ್ರಂಥಗಳಲ್ಲಿ ಒಂದು, 1969ರಲ್ಲಿ ಬಂದ ಕೊಡೈಕನಾಲ್‌ನ ಪರದೇಶಿ ಸಸ್ಯಗಳ ಪಟ್ಟಿ. ತಮ್ಮ ಬೆಟ್ಟಕ್ಕೆ ಹೊರಗಿನಿಂದ ಯಾರು ಯಾರು ಬಂದು ಸೇರಿದ್ದಾರೆಂದು ಮೊದಲು ಎಣಿಸಿ, ಮೂವತ್ತು ವರ್ಷಗಳ ಮೇಲೆ ಮೂರು ಭಾಗಗಳಲ್ಲಿ ಇಡೀ ಬೆಟ್ಟದ ಸಸ್ಯರಾಶಿಯನ್ನು ಕೊಟ್ಟರು. 2004ರಲ್ಲಿ ಅವರು ತೀರಿಕೊಂಡರು.

ಸಸ್ಯಕೋಶವನ್ನು ಸಾಹಿತ್ಯದಂತೆ ಓದಬಹುದೇ? ಓದಬಹುದು, ಸ್ವಲ್ಪ ಅಭ್ಯಾಸ ಬೇಕು. ಅದರ ವಾಕ್ಯಗಳಿಗೆ ಕ್ರಿಯಾಪದವೇ ಇಲ್ಲ. ಕಾಂಡ ಹೇಗೆ, ಎಲೆಯ ಅಂಚು ಹೇಗೆ, ಹೂಗೊಂಚಲು ಎಲ್ಲಿ, ಬೀಜ ಎಷ್ಟು, ಯಾವ ಎತ್ತರ, ಯಾವ ಇಳಿಜಾರು, ಯಾರು ಯಾವ ಸಂಖ್ಯೆಯಲ್ಲಿ ಸಂಗ್ರಹಿಸಿದರು, ಇಷ್ಟೇ. ಆದರೆ ಈ ಶೈಲಿಯಲ್ಲಿ ಒಂದು ನ್ಯಾಯವಿದೆ. ಕುರಿಂಜಿಗೆ ಕೊಟ್ಟಷ್ಟೇ ಗಮನವನ್ನು ಹೆಸರಿಲ್ಲದ, ಕವಿಯಿಲ್ಲದ, ಪ್ರವಾಸಿಗರಿಲ್ಲದ ಪೊದೆಗೂ ಅದು ಕೊಡುತ್ತದೆ. ಅಲ್ಲಿ ಕುರಿಂಜಿ ಪ್ರೇಮದ ಸಂಕೇತವಲ್ಲ, ತಲೆಮಾರಿನ ಗಡಿಯಾರವಲ್ಲ. ಎಲೆಯೂ ಬೇರೂ ಉಳ್ಳ ಒಂದು ಪೊದೆ, ಹೂವಿಲ್ಲದಿದ್ದಾಗಲೂ ಗುರುತಿಸಬಹುದಾದದ್ದು.

ಅದರ ಕೊರತೆಗಳನ್ನೂ ಹೇಳದೆ ಬಿಟ್ಟರೆ ವಿಮರ್ಶೆಯಾಗುವುದಿಲ್ಲ. ಕೋಶವು ಗಿಡಗಳನ್ನು ಕುಟುಂಬಗಳಾಗಿ ಜೋಡಿಸುತ್ತದೆ, ನೆರೆಹೊರೆಯಾಗಿ ಅಲ್ಲ. ಬೆಟ್ಟದಲ್ಲಿ ಕುರಿಂಜಿಗೆ ಮೈ ತಾಗಿಸಿಕೊಂಡಿರುವ ಬರ್ಬೆರಿಸ್ ಪುಸ್ತಕದಲ್ಲಿ ನೂರಾರು ಪುಟಗಳಾಚೆ ಇದೆ. ಪ್ರತಿ ಗಿಡವೂ ಒಣಹಾಳೆಗೆ ಅಂಟಿಸಿದಂತೆ ಬೇರೆಬೇರೆಯಾಗಿ ನಿಂತಿದೆ. ಪೊದೆನೆಲವೆಂಬ ಸಮುದಾಯ ಎಲ್ಲಿಯೂ ಒಟ್ಟಾಗಿ ಕಾಣುವುದಿಲ್ಲ. ಜೇನು, ಆಡು, ಮಂಜು, ಅಲ್ಲಿನ ಮುದುವರು, ಪಳಿಯರು, ಇವರಿಗೆ ಅಲ್ಲಿ ಸ್ಥಳವಿಲ್ಲ. ಇದಕ್ಕಾಗಿ ರಾಮಾನುಜನ್ ವಿವರಿಸಿದ ಹಳೆಯ ಕ್ರಮಕ್ಕೇ ಮರಳಬೇಕಾಗುತ್ತದೆ; ಗಿಡ, ಪ್ರಾಣಿ, ಹೊತ್ತು, ಜನ, ಕಸುಬು ಎಲ್ಲವನ್ನೂ ಒಂದು ನೆಲಕ್ಕೆ ಕಟ್ಟಿ ನೋಡಿದವರು ಆ ತಮಿಳು ಕವಿಗಳೇ. ಒಂದು ಗ್ರಂಥದಲ್ಲಿ ನೆರೆಹೊರೆಯಿದೆ, ಗಿಡ ಕರಗಿಹೋಗಿದೆ; ಇನ್ನೊಂದರಲ್ಲಿ ಗಿಡವಿದೆ, ನೆರೆಹೊರೆಯಿಲ್ಲ. ಎರಡನ್ನೂ ಕೂಡಿಸಿ ಹನ್ನೊಂದು ವರ್ಷಗಳ ಬೆಟ್ಟವನ್ನು ಬರೆಯಬಲ್ಲ ಪುಸ್ತಕ ಬರುವುದಾದರೆ 2030ಕ್ಕೆ ಮುಂಚೆ ಬರಲಿ. ಆ ವರ್ಷ ಬರೆಯುವವರಿಗೆ ಕೊರತೆಯಿರುವುದಿಲ್ಲ.

ಮತ್ತು ಅದು ಕನ್ನಡದಲ್ಲಿ ಬರುವ ಸಂಭವವೆಷ್ಟು? ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಯೇಸುಸಭೆಯ ಮತ್ತೊಬ್ಬ ಗುರು ಸೆಸಿಲ್ ಸಲ್ಡಾನ್ಹಾ, ಡ್ಯಾನ್ ನಿಕೋಲ್ಸನ್ ಅವರೊಡಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಕೋಶವನ್ನು ಇಂಗ್ಲಿಷಿನಲ್ಲಿ ಹೊರತಂದರು. ಆ ಬಳಿಕ ಅವರು ಇಡೀ ಕರ್ನಾಟಕದ ಸಸ್ಯಕೋಶಕ್ಕೆ ಕೈ ಹಾಕಿದರು. ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂದವು. 2002ರಲ್ಲಿ ಅವರು ನಿಧನರಾದರು. ಎರಡನೆಯ ಸಂಪುಟ ಮುಗಿಯುವುದು ಕೊತ್ತಂಬರಿ, ಜೀರಿಗೆಗಳ ಕುಟುಂಬದಲ್ಲಿ. ನಮ್ಮ ಬಾಬಾಬುಡನ್ ಗಿರಿಯ, ಮಾಂದಲಪಟ್ಟಿಯ ಗುರ್ಗಿಗಳು ಸೇರಿದ ಕುಟುಂಬ ಅದರ ನಂತರ ಬರಬೇಕಾಗಿತ್ತು.